ಕಡಿಮೆ ಅಂಕಿಯ ಅಕ್ಕೋರು

ಅಕ್ಕೋರು ಕುಳಿತದ್ದನ್ನು ನಾನು ನೋಡಿದ್ದು ಎರಡೇ ಸಲ. ಬಸ್ಸಿನ ಸೀಟು ಈ ಲೆಕ್ಕಕ್ಕೆ ಸೇರಿಲ್ಲ. ಸೋಮವಾರ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ನನ್ನ ಹಳೆಯ ದಿನಚರಿಗಳನ್ನೆಲ್ಲ ಅಟ್ಟದಿಂದ ಇಳಿಸಿ ನೋಡಿದೆ. ಅವರ ಕೈಕೆಳಗೆ ನಾನು ಕೆಲಸ ಮಾಡಿದ್ದು ನಾಲ್ಕು ವರ್ಷ ಎಂಟು ತಿಂಗಳು. ಅಷ್ಟು ದಿನಗಳಲ್ಲಿ ಎರಡು ಸಲ. ಇದನ್ನು ಬರೆಯಲು ಕೂತ ನಾನೇ ಈಗಾಗಲೇ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದಿದ್ದೇನೆ.

ಅವರು ಗದಗಿನ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮುಖ್ಯ ಟೆಕ್ನಿಷಿಯನ್ ಆಗಿದ್ದರು. ಕೆಳಗೆ ಔಷಧಿ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ಯಾವ ಶಾಲೆಯಲ್ಲೂ ಅವರು ಕಲಿಸಿದವರಲ್ಲ. ಆದರೂ ಬಂದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಅಕ್ಕೋರು ಎಂದೇ, ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ. ಮಲ್ಲಸಮುದ್ರದ ರೈತರೊಬ್ಬರು ಉಪವಾಸದ ರಕ್ತ ಕೊಡಲು ಬಂದವರು, ಬಸ್‌ಸ್ಟ್ಯಾಂಡಿನಲ್ಲಿ ಚಹಾ, ಮಿರ್ಚಿ ಮುಗಿಸಿ ಬಂದು, ಏನೂ ತಿಂದಿಲ್ಲವೆಂದು ಹೇಳಿ ಸಿಕ್ಕಿಬಿದ್ದರಂತೆ. ಇವರು ಬೈದ ರೀತಿಗೆ ಅವರು ಕೈಕಟ್ಟಿ ನಿಂತು, "ತಪ್ಪಾತ್ರಿ ಅಕ್ಕೋರ, ನಾಳಿ ಖಾಲಿ ಹೊಟ್ಟೀಲೆ ಬರ್ತೀನಿ" ಎಂದರಂತೆ. ಹೆಸರು ಅಂದಿನಿಂದ ಅಂಟಿಕೊಂಡಿತು.

ಗಿಡ್ಡ ಮೈಕಟ್ಟು. ಸೆರಗನ್ನು ಸೊಂಟಕ್ಕೆ ಬಿಗಿದು, ಅದರ ಮೇಲೆ ತೋಳು ಮಡಚಿದ ಬಿಳಿ ಕೋಟು. ಬಲಗಿವಿಯ ಮೇಲೆ ಹಸಿರು ಪೆನ್ನು. ಅವರಿಗೆಂದು ಒಂದು ಕುರ್ಚಿ ಇತ್ತು. ಅದರ ತುಂಬ ಕೈಗವಸಿನ ಡಬ್ಬಿಗಳು. ಮಧ್ಯಾಹ್ನ ಹೊರಗಿನ ಪಡಸಾಲೆಯಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಸುರುಳಿ ಸುತ್ತಿ, ಆ ಕಿಟಕಿಯಿಂದ ಈ ಮೆಟ್ಟಿಲಿನವರೆಗೆ ಅಡ್ಡಾಡುತ್ತ ತಿನ್ನುತ್ತಿದ್ದರು. ಸೇರಿದ ಮೊದಲ ವಾರ ನಾನು ಮೂಲೆಯಲ್ಲಿ ಕೂತು ಅವರನ್ನೇ ನೋಡುತ್ತಿದ್ದೆ.

"ಏನ್ ಎಣಸಾಕತ್ತೀಯಲೇ?"

"ನಿಮ್ಮ ಸುತ್ತು ರೀ."

"ಎಷ್ಟಾತು?"

"ಹದಿನಾಲ್ಕು ರೀ."

"ಇನ್ನೊಂದು ರೊಟ್ಟಿ ಐತಿ. ಪೂರ್ತಿ ಎಣಸಿ ಬರಕೋ. ಅರ್ಧಾ ಲೆಕ್ಕಾ ಬರೀಬ್ಯಾಡ."

ಪೂರ್ತಿ ಎಣಿಸಿದೆ. ಮೂವತ್ತೊಂದು. ಈಗಲೂ ಆ ಪುಟದಲ್ಲಿದೆ.

ಲ್ಯಾಬಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯದೊಂದು ವಹಿ ಇತ್ತು. ಅದು ತಪ್ಪಿನ ವಹಿ. ಯಾರ ಕೈಯಿಂದ ಏನು ತಪ್ಪಾದರೂ ಅವರೇ, ಅವರದೇ ಅಕ್ಷರದಲ್ಲಿ, ಹೆಸರು ಹಾಕಿ ಅದರಲ್ಲಿ ಬರೆಯಬೇಕು. ಇದು ಅಕ್ಕೋರ ನಿಯಮ. ಮಾಲೀಕರಿಗೆ ಇದು ಬೇಡವಾಗಿತ್ತು. ಅವರು ಹೇಳಿ ಹೇಳಿ ಸುಮ್ಮನಾದರು. ನಾನು ಮೊದಲ ಸಲ ಬರೆಯಬೇಕಾಗಿ ಬಂದಾಗ, "ಟ್ಯೂಬು ಒಡೆಯಿತು" ಎಂದಷ್ಟೇ ಬರೆದೆ.

"ತಾನ ಒಡೀತೇನು?" ಅಕ್ಕೋರು ಓದಿ ಕೇಳಿದರು. "ಮನ್ಯಾಗ ಏನರ ಬ್ಯಾಸರಾಗಿತ್ತೇನು ಅದಕ್ಕ?"

ಆ ಸಾಲನ್ನು ಹೊಡೆದುಹಾಕಿಸಿ, ಯಾರು, ಎಲ್ಲಿ, ಹೇಗೆ ಒಡೆದರು ಎಂದು ಪೂರ್ತಿ ಬರೆಸಿದರು. ವಹಿಯ ಮೊದಲ ಪುಟದ ಮೊದಲ ತಪ್ಪು ಅವರದೇ. ನಾನು ಆ ಕೆಲಸ ಬಿಡುವ ದಿನ ಎಣಿಸಿ ಬಂದಿದ್ದೇನೆ: ಅವರವು ಇಪ್ಪತ್ತಮೂರು, ನನ್ನವು ಏಳು. ಆ ಏಳರಲ್ಲಿ ಐದನೆಯದು ಮತ್ತು ಆರನೆಯದು ನನ್ನನ್ನು ಈ ಹೊತ್ತಿಗೂ ಕೂರಗೊಡುತ್ತಿಲ್ಲ.

ನನ್ನ ಕೆಲಸ ಬೆಳಗಿನ ಬಸ್ಸಿಗೆ ಐಸ್ ಡಬ್ಬಿ ಹಿಡಿದು ಹೊರಡುವುದು. ಸೋಮವಾರ, ಗುರುವಾರ ಮುಂಡರಗಿ. ಮಂಗಳವಾರ, ಶುಕ್ರವಾರ ಶಿರಹಟ್ಟಿ. ಬುಧವಾರ, ಶನಿವಾರ ಲಕ್ಷ್ಮೇಶ್ವರ. ಅಲ್ಲಿನ ಡಾಕ್ಟರುಗಳ ದವಾಖಾನೆಯಲ್ಲಿ ರಕ್ತ ತೆಗೆದು ಮಧ್ಯಾಹ್ನದೊಳಗೆ ಗದಗಿಗೆ ಮುಟ್ಟಿಸುವುದು. ಎಲ್ಲವನ್ನೂ ದಿನಚರಿಯಲ್ಲಿ ಬರೆಯುತ್ತಿದ್ದೆ. ಒಂದು ಕಾಲಂ ನನಗೆ ಬಲು ಮೆಚ್ಚಿನದು: ಮೊದಲ ಚುಚ್ಚಿಗೇ ರಕ್ತ ಸಿಕ್ಕವರು. ಒಬ್ಬರಿಗೂ ಎರಡನೇ ಸಲ ಚುಚ್ಚದೆ ಎಷ್ಟು ಜನರನ್ನು ದಾಟಿದೆ ಎಂಬ ಲೆಕ್ಕ. ಎರಡನೇ ಸಲ ಚುಚ್ಚಿದರೆ ಮತ್ತೆ ಒಂದರಿಂದ ಶುರು.

ಅಕ್ಕೋರದು ಬೇರೆಯೇ ಲೆಕ್ಕ. ಯಂತ್ರದಿಂದ ವರದಿ ಹೊರಬಂದರೆ ನಾವೆಲ್ಲ ಹೆಚ್ಚಾದ ಅಂಕಿಗಳನ್ನು ಹುಡುಕುತ್ತಿದ್ದೆವು. ಅವರು ಹಸಿರು ಪೆನ್ನು ತೆಗೆದು ಕಡಿಮೆಯಾದ ಅಂಕಿಗಳ ಕೆಳಗೆ ಗೆರೆ ಎಳೆಯುತ್ತಿದ್ದರು. "ಏರಿದ್ದು ಒದರ್ತೈತಿ, ಎಲ್ಲಾರಿಗೂ ಕೇಳಸ್ತೈತಿ. ಇಳದಿದ್ದು ಮೂಲ್ಯಾಗ ಕುಂತಿರ್ತೈತಿ. ನಾವ ಹೋಗಿ ಮಾತಾಡಸಬೇಕು" ಎನ್ನುತ್ತಿದ್ದರು. ಎಎಲ್‌ಪಿ ಎಂದು ನಾವು ಕರೆಯುವ ಒಂದು ಕಿಣ್ವವಿದೆ. ಯಕೃತ್ತಿನಲ್ಲಿ, ಮೂಳೆಯಲ್ಲಿ ತಯಾರಾಗಿ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಮಾಲೆಯಾದರೆ ಏರುತ್ತದೆ, ಮೂಳೆಯ ತೊಂದರೆಯಾದರೆ ಏರುತ್ತದೆ. ಏರಿದರೆ ಡಾಕ್ಟರು ಫೋನು ಮಾಡಿ ಕೇಳುತ್ತಾರೆ. ಇಳಿದರೆ ಯಾರೂ ಕೇಳುವುದಿಲ್ಲ. ಅಕ್ಕೋರು ಕೇಳುತ್ತಿದ್ದರು. ಏಕೆಂದರೆ ಆ ಕಿಣ್ವ ಕೆಲಸ ಮಾಡಬೇಕಾದರೆ ಅದರ ನಡುವೆ ಸತು, ಅಂದರೆ ಜಿಂಕ್, ಕೂತಿರಬೇಕು.

ಇದನ್ನು ಅವರು ನನಗೆ ಕಲಿಸಿದ್ದು ಶಿರಹಟ್ಟಿಯ ಬಸ್ಸಿನಲ್ಲಿ. ಅಲ್ಲಿನ ಡಾಕ್ಟರೊಬ್ಬರನ್ನು ಕಾಣಲು ನನ್ನ ಜೊತೆ ಬಂದಿದ್ದರು. ಮರಳುವಾಗ ಬಸ್ಸು ಕಿಕ್ಕಿರಿದಿತ್ತು. ಕೆಳಗೆ ನಿಂತಿದ್ದ ಹೆಣ್ಣುಮಗಳೊಬ್ಬಳು, "ಯವ್ವಾ, ಕೂಸು ಹಿಡೀರಿ!" ಎಂದು ಕಿಟಕಿಯಿಂದ ತನ್ನ ಮಗುವನ್ನು ಒಳಗೆ ಕೊಟ್ಟಳು. ಕಿಟಕಿಯಲ್ಲಿದ್ದ ಮುದುಕಿ ಹಿಡಿದು ಹಿಂದಿನವರಿಗೆ ಕೊಟ್ಟಳು, ಅವರು ಪಕ್ಕದವರಿಗೆ. ತಾಯಿ ಬಾಗಿಲಿನಿಂದ ನುಗ್ಗಿ ಬರುವಷ್ಟರಲ್ಲಿ ಐದು ಮಡಿಲು ದಾಟಿ ಮಗು ಅವಳ ಕೈಗೇ ಬಂತು. ಅಕ್ಕೋರು ಮೊಣಕೈಯಿಂದ ನನ್ನನ್ನು ತಿವಿದರು.

"ನೋಡಿದೇನಲೇ?"

"ಏನ್ರಿ?"

"ಕೂಸು ಎಲ್ಲೂ ನೆಲಾ ಮುಟ್ಟಲಿಲ್ಲ. ಒಂದ ಕೈ ಬಿಡೂದ್ರಾಗ ಇನ್ನೊಂದ ಕೈ ಹಿಡದಿತ್ತು. ಜೀವಕೋಶದಾಗ ಸತುನೂ ಹಿಂಗ ಹೊಕ್ಕೈತಿ."

"ಬಿಟ್ಟರ ಏನಾಕ್ಕೈತ್ರಿ?"

"ಬಿಟ್ಟರ ತಾ ಕುಂಡರಬಾರದ ಜಾಗಾದಾಗ ಗಟ್ಟಿ ಕುಂಡರ್ತೈತಿ. ಕಬ್ಬಿಣ ಕುಂಡರೋ ಸೀಟಿಗೆ ಹೋಗಿ ಟಾವೆಲ್ ಹಾಸ್ತೈತಿ. ಆಮ್ಯಾಲ ಎಬ್ಬಸಾಕ ಬರೂದುಲ್ಲ."

ಗದಗ ಮುಟ್ಟುವವರೆಗೂ ಇದೇ ಮಾತು. ಕೋಶದಲ್ಲಿ ಸತುವಿಗೆ ಕೊರತೆಯಿರುವುದಿಲ್ಲ, ಆದರೆ ಬಿಡಿಯಾಗಿ ಅಡ್ಡಾಡುವ ಸತು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳು ಬೇರೆ. ಒಳಬಂದದ್ದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳು ಬೇರೆ. ಕಿಣ್ವಗಳು ತಯಾರಾಗುವ ಒಳಕೋಣೆಗೆ ಅದನ್ನು ದಾಟಿಸುವವು ಮತ್ತೂ ಬೇರೆ. ಆ ಕೋಣೆಯಲ್ಲಿ ಎಎಲ್‌ಪಿ ಮಡಚಿಕೊಂಡು ಆಕಾರ ಪಡೆಯುವಾಗ ಸತು ಬಂದು ತನ್ನ ಜಾಗದಲ್ಲಿ ಕೂರಬೇಕು. ಇಲ್ಲದಿದ್ದರೆ ಕಿಣ್ವ ಇದ್ದೂ ಇಲ್ಲ. "ಕತ್ತರಿ ಎರಡೂ ಅಲಗು ಚೂಪ ಅದಾವು, ನಡುವಿನ ಮೊಳಿ ಇಲ್ಲ. ಅರಿವಿ ಹರೀತೈತೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಳಿಯಲು ಎದ್ದು ನಿಂತರು. ಸ್ಟ್ಯಾಂಡು ಇನ್ನೂ ಎರಡು ಕಿಲೋಮೀಟರಿತ್ತು.

ಶ್ರಾವಣ ಹಿಡಿದ ಮೊದಲ ಬುಧವಾರ. ನನ್ನ ಮೆಚ್ಚಿನ ಕಾಲಂನಲ್ಲಿ ಅಂದು ಬೆಳಿಗ್ಗೆ ಇನ್ನೂರ ಹನ್ನೆರಡು ಇತ್ತು.

ಲಕ್ಷ್ಮೇಶ್ವರದ ಮಕ್ಕಳ ಡಾಕ್ಟರ ದವಾಖಾನೆಗೆ ಒಂಬತ್ತು ತಿಂಗಳ ಹೆಣ್ಣುಮಗುವನ್ನು ತಂದಿದ್ದರು. ಬಾಯಿಯ ಸುತ್ತ, ಬೆರಳ ಸಂದುಗಳಲ್ಲಿ, ಕುಂಡಿಯ ಮೇಲೆ ಚರ್ಮ ಸುಟ್ಟ ಹಾಗೆ ಕೆಂಪಾಗಿ ಸುಲಿದಿತ್ತು. ತಲೆಯ ಕೂದಲು ಉದುರಿ ಅಲ್ಲಲ್ಲಿ ನಾಲ್ಕು ಎಳೆ. ಎರಡು ತಿಂಗಳಿಂದ ಭೇದಿ. ಹಚ್ಚಿದ ಮುಲಾಮುಗಳು ಯಾವುವೂ ಕೆಲಸ ಮಾಡಿರಲಿಲ್ಲ. ಮಗು ಅಳುತ್ತಲೇ ಇತ್ತು. ಹಸಿವಿನ ಅಳುವಲ್ಲ, ನೋವಿನ ಅಳುವೂ ಅಲ್ಲ. ಏನೋ ಬೇಕು, ಏನೆಂದು ತಿಳಿಯದು ಎನ್ನುವ ಅಳು. ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿದ ಮೇಲೆ ಇದು ಶುರುವಾಯಿತಂತೆ. ಕೂಸು ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತಿತ್ತು. ಹೀಗೇ ಹೋದರೆ ಉಳಿಯುವುದು ಕಷ್ಟವೆಂದು ಡಾಕ್ಟರು ನನ್ನೆದುರೇ ತಂದೆಗೆ ಹೇಳಿದರು.

ಎರಡು ಟ್ಯೂಬು ತುಂಬಬೇಕಿತ್ತು. ನೇರಳೆ ಮುಚ್ಚಳದ್ದು ರಕ್ತಕಣಗಳ ಎಣಿಕೆಗೆ, ಕೆಂಪು ಮುಚ್ಚಳದ್ದು ಉಳಿದ ಪರೀಕ್ಷೆಗಳಿಗೆ. ನೇರಳೆ ತುಂಬಿತು. ಕೆಂಪಿಗೆ ಬರುವಷ್ಟರಲ್ಲಿ ರಕ್ತ ನಿಂತಿತು. ತಳದಲ್ಲಿ ಸ್ವಲ್ಪವೇ ಇತ್ತು. ಇನ್ನೊಮ್ಮೆ ಚುಚ್ಚಬೇಕಿತ್ತು. ತಾಯಿ ಅಳುತ್ತಿದ್ದಳು, ಅದು ನಿಜ. ಆದರೆ ನನ್ನ ತಲೆಯಲ್ಲಿದ್ದದ್ದು ಇನ್ನೂರ ಹದಿಮೂರು. ಎಲ್ಲರೂ ಮಗುವನ್ನು ಸಮಾಧಾನ ಮಾಡುತ್ತಿದ್ದಾಗ ನೇರಳೆ ಟ್ಯೂಬಿನಿಂದ ನಾಲ್ಕೈದು ಹನಿ ಕೆಂಪಿಗೆ ಬಗ್ಗಿಸಿದೆ. ಎರಡೂ ಆ ಮಗುವಿನ ರಕ್ತವೇ ಅಲ್ಲವೇ ಎಂದುಕೊಂಡೆ.

ಮಧ್ಯಾಹ್ನ ಅಕ್ಕೋರು ವರದಿಯ ಹಾಳೆ ಹಿಡಿದು ನನ್ನ ಕಡೆ ಬಂದರು.

"ಈ ಕೂಸು ಅಳ್ತಿತ್ತೇನು?"

"ಬಾಳ ಅಳ್ತಿತ್ರಿ."

"ಈ ಅಂಕಿ ಇದ್ದ ಕೂಸು ಅಳೂದುಲ್ಲ ತಮ್ಮಾ. ಉಸರೂ ಆಡೂದುಲ್ಲ. ನೇರಳೆದ್ರಾಗಿಂದು ಎಷ್ಟು ಹನಿ ಬಗ್ಗಿಸಿದಿ?"

ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ಲವಣ ಹಾಕಿರುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ, ಸತುವನ್ನೂ ಹಿಡಿಯುತ್ತದೆ. ಅದರ ಜೊತೆಗೇ ಪೊಟ್ಯಾಸಿಯಂ ಇರುತ್ತದೆ. ಹಾಗಾಗಿ ವರದಿಯಲ್ಲಿ ಪೊಟ್ಯಾಸಿಯಂ ಆಕಾಶಕ್ಕೇರಿತ್ತು, ಕ್ಯಾಲ್ಸಿಯಂ ಪಾತಾಳಕ್ಕಿಳಿದಿತ್ತು, ಸತು ಕಳಕೊಂಡ ಎಎಲ್‌ಪಿ ಒಂದಂಕಿಗೆ ಬಂದಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರು. ಸುಳ್ಳು ಹೊಳೆಯದೆ ದಿನಚರಿ ತೆಗೆದು ತೋರಿಸಿದೆ. ಕಾಲಂ ಉದ್ದಕ್ಕೂ ಬೆರಳಾಡಿಸಿದರು.

"ಇದರಾಗ ನಿನ್ನ ಲೆಕ್ಕಾ ಐತಿ. ಕೂಸು ಎಲ್ಲೈತಿ?"

ತಪ್ಪಿನ ವಹಿಯಲ್ಲಿ ಬರೆದೆ. ಐದನೆಯದು. ಬರೆದು ಮುಗಿಸಿ, ಕಾರಣ ಗೊತ್ತಾಯಿತಲ್ಲ, ಆ ಮೂರು ಅಂಕಿ ಬಿಟ್ಟು ಉಳಿದದ್ದನ್ನು ಕಳಿಸಿದರೆ ಆಗದೇ ಎಂದು ಕೇಳಿದೆ. ಕಿಟಕಿಯವರೆಗೆ ಹೋಗಿ ಬಂದರು. ಮತ್ತೊಂದು ಸಲ ಹೋಗಿ ಬಂದರು.

"ನಿನ್ನ ತಪ್ಪು ಖರೆ. ಅದರ ಬೆನ್ನ ಹಿಂದ ಇನ್ನೇನರ ನಿಂತಿದ್ರ? ನಿನ್ನ ತಪ್ಪು ಬಾಜೂಕ ಸರದ ಮ್ಯಾಲ ಕಾಣಸ್ತೈತಿ. ನಾಳೆ ಮುಂಡರಗಿ ನಾ ನೋಡ್ತೀನಿ. ನೀ ಆ ಕೂಸಿನ ಮನೀಗೇ ಹೋಗು. ನನ್ನ ತಪ್ಪಿಂದ ಇನ್ನೊಮ್ಮೆ ಚುಚ್ಚಬೇಕಾತು ಅಂತ ನಿನ್ನ ಬಾಯೀಲೆ ಹೇಳು."

ಲಕ್ಷ್ಮೇಶ್ವರ, ಶಿರಹಟ್ಟಿಗಳ ನಡುವಿನ ಒಂದು ಹಳ್ಳಿ. ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಮನೆ ಗಿರಣಿಯ ಹಿಂದೆ. ಹುಬ್ಬು, ಮೀಸೆಗಳ ಮೇಲೆಲ್ಲ ಜೋಳದ ಹಿಟ್ಟು ಹೊತ್ತು ಹೊರಬಂದು, "ಯಾಕ್ರಿ ಮತ್ತ?" ಎಂದರು. ಬಸ್ಸಿನಲ್ಲಿ ಹನ್ನೊಂದು ಸಲ ಹೇಳಿಕೊಂಡು ಬಂದ ಮಾತು ಒಂದು. ಬಾಯಿಂದ ಬಂದದ್ದು ಬೇರೆ.

"ಮಷಿನ್ ಕೆಟ್ಟಿತ್ರಿ. ಇನ್ನೊಮ್ಮೆ ರಕ್ತ ಬೇಕ್ರಿ."

ಅವರ ಮುಖ ಮೆದುವಾಯಿತು. "ಮಷಿನ್ ಅಂದ ಮ್ಯಾಲ ಕೆಡತಾವ ಬಿಡ್ರಿ. ನಮ್ದೂ ಹೋದ ವಾರ ಪಟ್ಟಾ ಹರದಿತ್ತು" ಎಂದು ಕೂರಿಸಿ ಚಹಾ ಕೊಡಿಸಿದರು. ಕುಡಿದೆ. ಮಗುವಿಗೆ ಎರಡು ಸಲ ಚುಚ್ಚಬೇಕಾಯಿತು. ಕಾಲಂನಲ್ಲಿ ಸೊನ್ನೆ ಬರೆದೆ.

ಆ ರಕ್ತದಲ್ಲಿ ಪೊಟ್ಯಾಸಿಯಂ ಸರಿಯಿತ್ತು, ಕ್ಯಾಲ್ಸಿಯಂ ಸರಿಯಿತ್ತು. ಬೆಳೆಯುವ ಮೂಳೆಗಳ ಕಾರಣ ಆ ವಯಸ್ಸಿಗೆ ನೂರರ ಮೇಲೆ ಎಷ್ಟೋ ಇರಬೇಕಾದ ಎಎಲ್‌ಪಿ ಮಾತ್ರ ಎರಡಂಕಿ ದಾಟಿರಲಿಲ್ಲ.

"ಎರಡು ತಿರುಗಿ ಬಂದ್ವು, ಇದೊಂದು ಬರಲಿಲ್ಲ," ಎಂದು ಅಕ್ಕೋರು ಹಸಿರು ಗೆರೆ ಎಳೆದರು. ಆಮೇಲೆ ಅಡ್ಡಾಡುತ್ತಲೇ ಒಂದೊಂದಾಗಿ ಕೇಳಿದರು. ಗಾಯ ಬಾಯಿಯ ಸುತ್ತ ಇದೆಯೇ? ಬೆರಳಿಗೆ? ಕೂದಲು? ಎದೆಹಾಲು ನಿಂತು ಎಷ್ಟು ದಿನ? ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಉತ್ತರವಿತ್ತು. ಆ ಒಂದು ದಿನ ಅದು ಉಪಯೋಗಕ್ಕೆ ಬಂತು. ಡಾಕ್ಟರಿಗೆ ಫೋನು ಹಚ್ಚಿ, "ನಾ ಡಾಕ್ಟರ್ ಅಲ್ರಿ, ರೋಗಾ ಹೇಳೂದು ನನ್ನ ಕೆಲಸ ಅಲ್ಲ. ಆದ್ರ ಈ ಕೂಸಿನ ಎಎಲ್‌ಪಿ ಖರೇನ ಕಡಿಮಿ ಐತಿ. ಸತು ಒಮ್ಮೆ ನೋಡ್ರಿ" ಎಂದರು. ಆ ಕಡೆಯಿಂದ ಡಾಕ್ಟರು, "ಥೂ, ನನ್ನ ಕಣ್ಣೆದುರಿಗೇ ಇತ್ತಲ್ಲ" ಎಂದದ್ದು ನನಗೂ ಕೇಳಿಸಿತು.

ಫೋನಿಟ್ಟು ನನ್ನ ಕಡೆ ತಿರುಗಿದರು.

"ಮನ್ಯಾಗ ಹೇಳಿದೇನು, ನಿನ್ನ ತಪ್ಪು ಅಂತ?"

"ಹೂಂ ರೀ" ಎಂದೆ.

ಶುಕ್ರವಾರ ಡಾಕ್ಟರು ಆ ತಂದೆತಾಯಿಯನ್ನು ಕರೆಸಿ ಸತುವಿನ ಔಷಧಿ ಬರೆದುಕೊಟ್ಟರು. ರಕ್ತದಲ್ಲಿನ ಸತು ಅಳೆಯಲು ಮಾದರಿಯನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸಿ, ಅದರ ವರದಿಗೆ ಕಾಯದೆ ಅಂದೇ ಶುರು ಮಾಡಲು ಹೇಳಿದರು. ಸೋಮವಾರ ಮಧ್ಯಾಹ್ನ ಅಕ್ಕೋರು, ಕೂಸು ಹೇಗಿದೆ ಎಂದು ಕೇಳಲು ತಂದೆಗೆ ಫೋನು ಮಾಡಿದರು. ಗಿರಣಿಯ ಸದ್ದಿನ ನಡುವೆ ಆತ ಕೂಗಿಯೇ ಮಾತಾಡುತ್ತಿದ್ದರು.

"ಔಷಧಿ ಇನ್ನೂ ಕೊಟ್ಟಿಲ್ರಿ ಅಕ್ಕಾರ. ನಿಮ್ಮ ಮಷಿನ್ ಕೆಟ್ಟೈತಂತಲ್ರಿ? ಒಂದಿನದಾಗ ಹೆಂಗ ಸುದ್ದ ಆಕ್ಕೈತಿ ಅದು? ನಾ ಮಷಿನ್ ಇಟ್ಟಾಂವ, ನನಗ ಗೊತ್ತಿಲ್ಲೇನ್ರಿ? ಕೆಟ್ಟ ಮಷಿನ್ ನಂಬರಾ ನೋಡಿ ಕೂಸಿಗೆ ಏನರ ಕುಡಸಾಕ ಧೈರ್ಯ ಆಗವಲ್ದು."

"ಕೆಟ್ಟೈತಂತ ಯಾರ ಹೇಳಿದ್ರು?"

"ನಿಮ್ಮ ಹುಡುಗನ ಹೇಳಿದ್ನಲ್ರಿ."

ಅಕ್ಕೋರು ನನ್ನನ್ನು ನೋಡಿದರು. ಕೋಟು ಕಳಚಿ ಮೊಳೆಗೆ ಹಾಕಿದರು. "ನಡಿ" ಎಂದರು.

ಗದಗಿನಿಂದ ಲಕ್ಷ್ಮೇಶ್ವರದವರೆಗೆ ಬಸ್ಸಿನ ಕಿಟಕಿಯ ಸರಳಿಗೆ ಪೆನ್ನಿನಿಂದ ಟಕಟಕ ಬಡಿಯುತ್ತಿದ್ದರು. ಎಣಿಸಲು ಹೋದೆ. ಆಗಲಿಲ್ಲ.

ಗಿರಣಿಯ ಬಾಗಿಲಲ್ಲಿ ನಿಂತು ಅವರು ಒಂದೇ ಶಬ್ದ ಹೇಳಿದರು: "ಹೇಳು."

ಹೇಳಿದೆ. ಟ್ಯೂಬು, ಹನಿ, ಕಾಲಂ, ಸುಳ್ಳು, ಎಲ್ಲವನ್ನೂ. ತಂದೆ ಗಿರಣಿ ಬಂದ್ ಮಾಡಿದರು. ಸದ್ದು ನಿಂತ ಮೇಲೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಅಂದ್ರ ಮಷಿನ್ ಚಲೋ ಐತಿ?"

"ಮಷಿನ್ ಚಲೋ ಐತ್ರಿ. ಕೆಟ್ಟಾಂವ ನಾನು."

ಒಳಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಿಡಲಿಲ್ಲ. "ಒಂದು ಚುಚ್ಚು ಹೆಚ್ಚಾಗಿದ್ರ ನಿನ್ನ ಪುಸ್ತಕ ಅಳ್ತಿತ್ತೇನಪಾ?" ಎಂದರು. ನನ್ನನ್ನು ಮುಗಿಸಿ ಆಕೆ ಸೊಸೆಯ ಕಡೆ ತಿರುಗಿದರು. "ಇಕಿ ಎದಿಹಾಲು ಬಿಡಿಸಿದ್ದಕ್ಕ ಬಂದೈತಿ ಇದು. ನಾ ಹೇಳ್ತಾನ ಬಂದೀನಿ."

"ಅರ್ಧಾ ಖರೆ ಐತ್ರಿ ಯಮ್ಮಾ ನಿಮ್ಮ ಮಾತು," ಎಂದರು ಅಕ್ಕೋರು. "ಕೂಸಿನ ಕರಳಿನಾಗ ಸತು ಒಳಗ ಬಿಟ್ಟುಕೊಳ್ಳೋ ಬಾಗಲಾ ಹುಟ್ಟಿದಾಗಿಂದ ಗಟ್ಟಿ ಕುಂತಾವು ಅಂತ ಡಾಕ್ಟರ ವಿಚಾರ. ತಾಯಿ ಹಾಲಿನಾಗಿಂದು ಹೆಂಗೋ ನುಸುಳಿ ಹೋಕ್ಕಿತ್ತು. ಬ್ಯಾರೆ ಹಾಲಿನಾಗಿಂದು ಹೋಗವಲ್ದು. ಇಷ್ಟ ದಿನಾ ಕೂಸು ಚಂದ ಇತ್ತಲ್ಲ, ಅದು ಇಕಿ ಹಾಲಿಂದನ. ಜ್ವರಾ ಬಂದ್ರ ಇಕಿ ಏನ ಮಾಡ್ಯಾಳು? ಈಗ ಬಾಗಲಾ ತಗಿಯಾಕ ಬರೂದುಲ್ಲ. ಹೆಚ್ಚಿಗಿ ಕೊಟ್ಟರ ಸಂದ್ಯಾಗಿಂದ ಒಂದೀಟು ಒಳಗ ಹೊಕ್ಕೈತಿ. ಒಳಗ ಹ್ವಾದ್ರ ಸಾಕು, ಮುಂದ ಕೈಯಿಂದ ಕೈಗೆ ದಾಟಿಸೂದು ಅದಕ್ಕ ಗೊತ್ತೈತಿ."

ತಾಯಿ ಗೋಡೆಯ ಮಾಡದಲ್ಲಿದ್ದ ಬಾಟಲಿ ತಂದು, ಮುಚ್ಚಳ ತಿರುಗಿಸಿ, ಡಾಕ್ಟರು ಬರೆದಷ್ಟನ್ನು ಅಳೆದು ಕುಡಿಸಿದಳು. ಮಗು ಅರ್ಧ ಉಗುಳಿತು. ಮತ್ತೆ ಕುಡಿಸಿದಳು. ಆಗ ಅಕ್ಕೋರು ಗೋಡೆಗೆ ಒರಗಿಸಿದ್ದ ಜೋಳದ ಚೀಲದ ಮೇಲೆ ಕುಳಿತುಬಿಟ್ಟರು. ನಾನು ನೋಡಿದ ಮೊದಲನೇ ಸಲ. ಮಗು ನಿದ್ದೆ ಹೋಗುವ ತನಕ ಏಳಲಿಲ್ಲ. ಐವತ್ತು ನಿಮಿಷ.

ಮರುದಿನ ವಹಿಯಲ್ಲಿ ಆರನೆಯದನ್ನು ಬರೆದೆ. ಅವರು ಓದಿ ಪುಟ ತಿರುವಿದರು. ಬುಧವಾರದ ಹೊತ್ತಿಗೆ ಅಳು ಇಳಿದಿತ್ತು. ವಾರದೊಳಗೆ ಭೇದಿ ನಿಂತಿತು. ಹತ್ತನೆಯ ದಿನ ನಾನು ಹೋದಾಗ ಬಾಯಿಯ ಸುತ್ತಲಿನ ಚರ್ಮ ಒಣಗಿ ಹೊಸದು ಬರುತ್ತಿತ್ತು. ದೂರದ ಲ್ಯಾಬಿನ ವರದಿ ಆಮೇಲೆ ಬಂತು. ಸತು ತೀರ ಕಡಿಮೆ. ಬದುಕಿರುವವರೆಗೂ ಪ್ರತಿದಿನ ಔಷಧಿ ತೆಗೆದುಕೊಳ್ಳಬೇಕು ಎಂದರು ಡಾಕ್ಟರು. ಎಲ್ಲ ಒಳ್ಳೆಯದಾಯಿತು ಎಂದು ನನ್ನ ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಶುಕ್ರವಾರ, ಶನಿವಾರ, ಭಾನುವಾರ ಆ ಬಾಟಲಿ ಮಾಡದಲ್ಲೇ ಇತ್ತು. ಆ ಮೂರು ದಿನ ಮಗು ಇನ್ನಷ್ಟು ಇಳಿದಿದ್ದರೆ ಎಂಬಲ್ಲಿಗೆ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತೇನೆ.

ಎರಡನೇ ಸಲ ಅವರು ಕುಳಿತದ್ದು ನಿವೃತ್ತಿಯ ದಿನ. ಡಬ್ಬಿಗಳನ್ನೆಲ್ಲ ತೆಗೆದು, ಬಲವಂತದಿಂದ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದೆವು. ತುದಿಯಲ್ಲಿ ಕೂತರು. ಮಾಲೀಕರು ಭಾಷಣ ಶುರು ಮಾಡಿದ ಎರಡನೇ ನಿಮಿಷಕ್ಕೆ, "ಯಂತ್ರದಾಗ ರಕ್ತ ತಿರಗೂದು ನಿಂತೈತಿ, ಟ್ಯೂಬ್ ತಗೀರಿ ಯಾರರ" ಎಂದು ಹಾರದ ಸಮೇತ ಎದ್ದು ಹೋದರು.

ಸೋಮವಾರ ನಾನು ಬೆಟಗೇರಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ತಮ್ಮನ ಮನೆಯಲ್ಲಿ ಒಂದಿಷ್ಟು ಹೊತ್ತು ನಿಂತು ಬಂದೆ. ಕೂರಲು ಆಗಲಿಲ್ಲ. ಬುಧವಾರ ರಜೆ ಹಾಕಿ ಆ ಹಳ್ಳಿಗೆ ಹೋದೆ, ಸುದ್ದಿ ಹೇಳಲು. ತಂದೆ ಗಿರಣಿಯಲ್ಲಿ ಗಿರಾಕಿಗಳ ನಡುವೆ ಇದ್ದರು. ತಾಯಿ ಕೇಳಿ, ಕಣ್ಣಿಗೆ ಸೆರಗು ಒತ್ತಿಕೊಂಡು, "ಕುಂಡ್ರಿ, ಚಾ ಇಡ್ತೀನಿ" ಎಂದು ಒಳಗೆ ಹೋದಳು. ಮಗಳಿಗೆ ಈಗ ಆರು ವರ್ಷ. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ ಭುಜ ದಾಟಿವೆ. ನಾನು ಜಡೆಗಳನ್ನೇ ನೋಡುತ್ತಿದ್ದೆ. ಅವಳು ನನ್ನ ಕೈ ಹಿಡಿದು ಗೋಡೆಯ ಮೊಳೆಯ ಹತ್ತಿರ ಎಳೆದುಕೊಂಡು ಹೋದಳು.

"ಇವತ್ತಿಂದು ತಗೊಂಡೇನಿ. ನೋಡು."

ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನ ಒಂದೊಂದು ಗೀಟು. ಔಷಧಿ ಕೊಟ್ಟ ದಿನ ಗೀಟು ಹಾಕಲು ತಾಯಿಗೆ ಕಲಿಸಿದ್ದು ಅಕ್ಕೋರು. ಹಳೆಯ ಕ್ಯಾಲೆಂಡರುಗಳೂ ಅದೇ ಮೊಳೆಯಲ್ಲಿ ಒಂದರ ಹಿಂದೊಂದಿದ್ದವು. ಹುಡುಗಿ ಒಂದೊಂದನ್ನೇ ಎತ್ತಿ ಎಲ್ಲದರ ಹಿಂದಿನದನ್ನು ತೋರಿಸಿದಳು. ಶ್ರಾವಣದ ಆ ಶುಕ್ರವಾರಕ್ಕೆ ಪೆನ್ಸಿಲಿನಿಂದ ಒಂದು ಸುತ್ತು. ಅಂದೇ ಶುರು ಮಾಡಬೇಕೆಂದು ತಾಯಿ ಗುರುತು ಹಾಕಿಕೊಂಡಿದ್ದಳು. ಶುಕ್ರವಾರ ಗೀಟಿಲ್ಲ. ಶನಿವಾರ ಇಲ್ಲ. ಭಾನುವಾರ ಇಲ್ಲ. ಸೋಮವಾರದಿಂದ ಇಂದಿನವರೆಗೂ ಒಂದೂ ತಪ್ಪಿಲ್ಲ.

"ಇಲ್ಲಿ ಮೂರು ದಿನಾ ಇಲ್ಲ ನೋಡು. ಅವ್ವ ಮರತಿದ್ಲಂತ," ಎಂದಳು. "ಆಮ್ಯಾಲ ಒಮ್ಮೆನೂ ಮರತಿಲ್ಲ."

ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು. ನನ್ನ ಹಿಂದೆ 'ಹೇಳು' ಎನ್ನಲು ಯಾರೂ ಇರಲಿಲ್ಲ.

"ನಿಮ್ಮವ್ವ ಮರತಿರಲಿಲ್ಲ ತಂಗಿ," ಎಂದೆ. "ಅಕಿ ಕೊಡಾಕ ತಯಾರಿದ್ಲು. ನಾ ಒಂದು ಸುಳ್ಳು ಹೇಳಿದ್ದೆ. ಅದಕ್ಕ ನಿಮ್ಮಪ್ಪ ಹೆದರಿ ಕೊಡಾಕ ಬಿಡಲಿಲ್ಲ. ಈ ಮೂರು ದಿನಾ ನಾ ಮಾಡಿದ್ದು."

ಹುಡುಗಿ ನನ್ನ ಮುಖವನ್ನು, ಕ್ಯಾಲೆಂಡರನ್ನು, ಮತ್ತೆ ನನ್ನ ಮುಖವನ್ನು ನೋಡಿದಳು. ದಾರ ಕಟ್ಟಿ ಮೊಳೆಗೆ ತೂಗಿಬಿಟ್ಟಿದ್ದ ಪೆನ್ಸಿಲನ್ನು ನನ್ನ ಕೈಗಿತ್ತಳು.

"ಹಂಗಾದ್ರ ನಿನ್ನ ಹೆಸರು ಬರಿ."

"ಮೂರರಾಗೂ ಬರೀಬೇಕೇನು?"

"ಮೂರರಾಗೂ."

ಬರೆದೆ. ಚೌಕ ಚಿಕ್ಕದು, ನನ್ನ ಹೆಸರು ಉದ್ದ. ನಿಂತುಕೊಂಡೇ, ಅಕ್ಷರ ಸಣ್ಣದು ಮಾಡಿ, ಮೂರು ಸಲ ಬರೆದೆ.